ಅರ್ಧಕ್ಕೆ ನಿಂತ ಮೋಲ್ಡು

ನಮ್ಮ ಜ್ವರ ನೋಡಲು ಮಾಲೀಕ ಧರ್ಮೇಶ ಎರಡು ಮಾರು ದೂರ ನಿಲ್ಲುತ್ತಿದ್ದ. ಮುಖಕ್ಕೆ ಎರಡೆರಡು ಮಾಸ್ಕು, ಕೈಯಲ್ಲಿ ಜ್ವರ ನೋಡುವ ಗನ್ನು; ಕಾಡುಹಂದಿಗೆ ಗುರಿಯಿಟ್ಟವನ ಹಾಗೆ ಒಂದು ಕಣ್ಣು ಮುಚ್ಚಿ ಒತ್ತುತ್ತಿದ್ದ. ಅಷ್ಟು ದೂರದಿಂದ ಅದು ಹಣೆಯನ್ನು ನೋಡುತ್ತಿತ್ತೋ ಗಾಳಿಯನ್ನೋ, ಹತ್ತೊಂಬತ್ತು ಜನಕ್ಕೂ ತೊಂಬತ್ತೈದೇ. "ಎಲ್ಲ ನಾರ್ಮಲ್," ಎಂದು ಪುಸ್ತಕದಲ್ಲಿ ಬರೆದು, ಫೋಟೋ ತೆಗೆದು, ಜೀಪು ಹತ್ತುತ್ತಿದ್ದ.

ಕೊರೊನಾದ ಎರಡನೇ ಅಲೆ, ಮೇ ತಿಂಗಳು. ಕೆಲಸದವರು ಸೈಟಿನಲ್ಲೇ ಉಳಿದರೆ ಕಟ್ಟಡ ಕಟ್ಟಬಹುದು ಎಂದು ಆದೇಶ ಬಂದದ್ದೇ ತಡ, ಸೋಮವಾರಪೇಟೆ ಕಡೆಯ ನಮ್ಮನ್ನೆಲ್ಲ ದುಬಾರೆ ಹತ್ತಿರದ ತನ್ನ ರೆಸಾರ್ಟಿಗೆ ಕರೆಸಿ ಒಂದೇ ತಗಡಿನ ಶೆಡ್ಡಿಗೆ ತುಂಬಿದ. ಒಂದು ನಲ್ಲಿ, ಒಂದು ಕಕ್ಕಸು. ಕಟ್ಟಿ ಮುಗಿದ ನಾಲ್ಕು ಕಾಟೇಜುಗಳಿಗೆ ಬೀಗ ಬಿದ್ದಿತ್ತು. ಅದರಲ್ಲೊಂದನ್ನು ನಮಗೆ ಬಿಡಬಹುದೆಂದು ಆ ತಲೆಗೆ ಹೊಳೆಯಲಿಲ್ಲ. ಹೊಳೆಯಲು ಒಳಗೆ ಏನಾದರೂ ಇರಬೇಕಲ್ಲ.

ಕಂಬಿ ಕಟ್ಟುವ ನನ್ನ ತಮ್ಮ ಗಿರಿಗೆ ಐದು ದಿನದಿಂದ ಮೈ ಸುಡುತ್ತಿತ್ತು. ಆರನೇ ದಿನ ಉಸಿರಿಗೆ ಒದ್ದಾಡತೊಡಗಿದ. ಅಂದೇ ತಾರಸಿಯ ಮೋಲ್ಡು. ಕಾಂಕ್ರೀಟು ಸುರಿಯಲು ತೊಡಗಿದರೆ ಮುಗಿಸಿಯೇ ಕೈ ತೊಳೆಯಬೇಕು. ನಡುವೆ ಬಿಟ್ಟರೆ ಹಳೆಯದಕ್ಕೆ ಹೊಸದು ಕೂಡದೆ ಅಲ್ಲೇ ಸೋರುತ್ತದೆ.

"ಸಾರ್, ಜೀಪು ಕೊಡಿ. ಆಂಬುಲೆನ್ಸು ಬರೋದು ಸಂಜೆ ಆಯ್ತದಂತೆ," ಎಂದೆ.

"ಬೆಳಿಗ್ಗೆ ತಾನೇ ತೊಂಬತ್ತೈದಿತ್ತಲ್ಲ ಯಮುನಾ. ಹೆದರ್ಕೊಂಡಿದಾನೆ ಅಷ್ಟೆ. ಮೋಲ್ಡ್ ಮುಗೀಲಿ, ನೋಡೋಣ."

ಮೇಸ್ತ್ರಿ ಚೆನ್ನಯ್ಯಣ್ಣ ಮೂವತ್ತು ವರ್ಷದಲ್ಲಿ ಒಂದು ಮೋಲ್ಡನ್ನೂ ನಡುವೆ ಬಿಟ್ಟವರಲ್ಲ. ಮೇಲಿನಿಂದ ಇದನ್ನು ಕೇಳಿಸಿಕೊಂಡು, ಇಳಿದು ಬಂದು ಮಿಕ್ಸರ್ ನಿಲ್ಲಿಸಿದರು.

"ಜೀಪು ಹೊರಡೋಗಂಟ ಮಿಷಿನ್ ತಿರುಗಲ್ಲ ಸಾರ್."

ಅರ್ಧ ತಾರಸಿ ಬಿಸಿಲಿಗೆ ಬಿಗಿಯುತ್ತಿತ್ತು. ಧರ್ಮೇಶ ಅದನ್ನು ನೋಡಿದ, ವಾಚು ನೋಡಿದ, ಗಿರಿಯನ್ನು ಮಾತ್ರ ನೋಡಲಿಲ್ಲ. ಕೊನೆಗೆ ಡ್ರೈವರ್ ಪ್ರಸಾದನಿಗೆ ಕೀ ಎಸೆದ. ನನ್ನ ತಮ್ಮನ ಉಸಿರಿನ ಅವಸರಕ್ಕೆ ಬಗ್ಗದವನು ಸಿಮೆಂಟು ಅವಸರ ಮಾಡಿದ್ದಕ್ಕೆ ಬಗ್ಗಿದ. ಅದರಲ್ಲೂ ಸೀಟಿಗೆ ಪ್ಲಾಸ್ಟಿಕ್ ಹಾಸುವವರೆಗೆ ಹತ್ತಬಾರದೆಂದ. ಪ್ಲಾಸ್ಟಿಕ್ ಹುಡುಕಿ ತರುವಷ್ಟು ಹೊತ್ತೂ ಗಿರಿ ನನ್ನ ಹೆಗಲಿಗೆ ಒರಗಿ ನಿಂತಿದ್ದ.

ಆಸ್ಪತ್ರೆಯ ಗೇಟು ಕಾಣುವ ಹೊತ್ತಿಗೆ ನನ್ನ ಕೈ ಹಿಡಿದಿದ್ದ ಅವನ ಕೈ ಸಡಿಲವಾಯಿತು. ಡಾಕ್ಟರು ಹೊರಗೆ ಬಂದು, ಜೀಪಿನ ಬಾಗಿಲಲ್ಲೇ ನಾಡಿ ನೋಡಿ ತಲೆಯಾಡಿಸಿದರು.

ಸಂಜೆ ಧರ್ಮೇಶ ಫೋನು ಮಾಡಿದ.

"ಮೋಲ್ಡ್ ಚೆನ್ನಾಗಿ ಬಂತು ಯಮುನಾ. ಗಿರಿ ಹೇಗಿದಾನೆ?"

"ಹೋದ ಸಾರ್."

"ಅಯ್ಯೋ ಪಾಪ." ಇವನಿಗೂ ಸಂಕಟವಾಯಿತೇನೋ ಎಂದುಕೊಂಡ ನನ್ನ ಬುದ್ಧಿಗೆ ಚಪ್ಪಲಿಯಲ್ಲಿ ಹೊಡೆಯಬೇಕು.

"ಜೀಪಲ್ಲೇ ಹೋದ್ನಾ?" ಎಂದು ಕೇಳಿದ.