ಪಂಚಾಕ್ಷರಿ ಕೇಳಿ ಪಡೆದ ಮೆಷಿನ್

ವಿಜಯನಗರದ ಪಕ್ಕ ಹೊಸಹಳ್ಳಿಯಲ್ಲಿ ಟೆಲಿಫೋನ್ ಬೂತ್ ಇಟ್ಟುಕೊಂಡಿದ್ದ ಪಂಚಾಕ್ಷರಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಎಲ್ಲರ ಕೈಗೂ ಮೊಬೈಲು ಬಂದು ಬೂತಿಗೆ ಜನ ಕಡಿಮೆಯಾದ ಮೇಲೆ ಅವನು ರೀಚಾರ್ಜ್ ಕಾರ್ಡು, ಬಿಸ್ಕತ್ತು, ಸೋಪು ಮಾರತೊಡಗಿದ್ದ.

2009ರಲ್ಲಿ ಒಂದು ಮೊಬೈಲ್ ಕಂಪನಿ ಹೊಸ ಪ್ರಯೋಗಕ್ಕೆ ಕೈಹಾಕಿತು. ಗಿರಾಕಿ ತನ್ನ ಫೋನನ್ನು ಅಂಗಡಿಯ ಮೆಷಿನ್ನಿನ ಹತ್ತಿರ ಹಿಡಿದರೆ ಸಾಕು, ದುಡ್ಡು ಸಂದಾಯ. ಬೀದಿಯ ಅಂಗಡಿಗಳಿಗೆಲ್ಲ ಮೆಷಿನ್ ಹಂಚುತ್ತ ಬಂದ ಕಂಪನಿಯ ಭೈರೇಶನ ಬೂಟಿನ ಸದ್ದು ಬೂತಿನ ಮುಂದೆ ಮಾತ್ರ ನಿಲ್ಲಲಿಲ್ಲ. ಪಂಚಾಕ್ಷರಿ ಕೂಗಿ ಕರೆದ.

"ನನಗೆಲ್ಲಿ ಸಾರ್?"

"ಇದಕ್ಕೆ ಸ್ಕ್ರೀನ್ ನೋಡ್ಬೇಕು ಅಣ್ಣ. ನಿಮ್ಗೆ ಕಷ್ಟ ಆಗುತ್ತೆ."

"ಕಷ್ಟ ಆಗ್ತಿರೋದು ನೋಟಲ್ಲಿ. ಹೋದ ತಿಂಗ್ಳು ಯಾರೋ ಐನೂರು ಅಂತ ಬರೀ ಕಾಗದ ಕೊಟ್ಟು ಹೋದ್ರು. ಇಲ್ಲಿ ಕೊಡಿ ಅದನ್ನ."

ಭೈರೇಶ್ ಮನಸ್ಸಿಲ್ಲದೆ ಕೊಟ್ಟ. ಪಂಚಾಕ್ಷರಿಯ ಬೆರಳು ಗುಂಡಿಗಳ ಮೇಲೆ ಹರಿದಾಡಿ, ಐದರ ಮೇಲಿನ ಸಣ್ಣ ಉಬ್ಬನ್ನು ಹಿಡಿಯಿತು. ಬೂತಿನ ಫೋನಿನಲ್ಲೂ ಅಂಥದೇ ಉಬ್ಬು. ಓದಲು ಬಾರದವರಿಗೆ ಹದಿನೈದು ವರ್ಷ ನಂಬರು ಒತ್ತಿಕೊಟ್ಟವನು ಅವನು. ಭೈರೇಶ್ ಹೇಳಿದ ಮೊತ್ತವನ್ನೆಲ್ಲ ತಪ್ಪಿಲ್ಲದೆ ಒತ್ತಿದ. ದುಡ್ಡು ಬಂದರೆ ಒಂದು ಬೀಪ್, ಬರದಿದ್ದರೆ ಮೂರು.

"ಇನ್ನೇನು ನೋಡ್ಬೇಕಿತ್ತು?"

"ನಾನು ಒಪ್ಕೊಂಡೆ ಅಣ್ಣ. ಹೆಡ್ಡಾಫೀಸ್ ಒಪ್ಪಲ್ಲ."

"ಹಂಗಾದ್ರೆ ನಿಮ್ ಹೆಡ್ಡಾಫೀಸಿನ ಕಾರ್ಡು ನಾನು ಮಾರಲ್ಲ."

ಪಂಚಾಕ್ಷರಿ ಮೆಷಿನ್ ವಾಪಸ್ಸು ಕೊಟ್ಟ. ಅಂದೇ ಸ್ಟೂಲು ಹತ್ತಿ ಕಂಪನಿಯ ಬೋರ್ಡು ಕಳಚಿ ಒಳಗಿಟ್ಟ. ಆ ಬೀದಿಯಲ್ಲಿ ಅವರ ಕಾರ್ಡು ಹೆಚ್ಚು ಹೋಗುತ್ತಿದ್ದದ್ದೇ ಅವನಲ್ಲಿ. ಕೇಳಿದವರಿಗೆಲ್ಲ, "ಅವ್ರಿಗೆ ನಾನು ಬೇಡ, ನನಗೆ ಅವ್ರು ಬೇಡ. ಬೇರೆ ಕಂಪನೀದು ಕೊಡ್ಲಾ?" ಎಂದ. ವ್ಯಾಪಾರ ಅರ್ಧಕ್ಕಿಳಿಯಿತು. ಹೆಂಡತಿ ಲಿಂಗಮ್ಮ, "ಹಟ ಬಿಡಿ, ಹೊಟ್ಟೆಪಾಡು ನೋಡಿ" ಎಂದು ಬೈದಳು. ಅವನು ಜಗ್ಗಲಿಲ್ಲ.

ಕಾರ್ಡಿನ ಮಾರಾಟ ಬಿದ್ದ ಸುದ್ದಿ ಹೆಡ್ಡಾಫೀಸಿಗೂ ಮುಟ್ಟಿತು; ಎಂಟನೇ ದಿನ ಭೈರೇಶ್ ಮೆಷಿನ್ ತಂದಿಟ್ಟ.

ಪ್ರಯೋಗ ಆರೇ ತಿಂಗಳಿಗೆ ನಿಂತಿತು. ಅಂಥ ಫೋನಿದ್ದವರೇ ಬೀದಿಗೆಲ್ಲ ನಾಲ್ಕೈದು ಜನ. ವಾಪಸ್ಸು ಕೇಳಲು ಬಂದ ಭೈರೇಶ್ ಕೈಚಾಚಿದರೂ ಪಂಚಾಕ್ಷರಿ ಮೆಷಿನ್ ಬಿಡಲಿಲ್ಲ.

"ಇವತ್ತಲ್ಲ ನಾಳೆ ಇದು ಬಂದೇ ಬರುತ್ತೆ ಸಾರ್. ಆವಾಗ ಎಷ್ಟು ದುಡ್ಡು ಬಂತು ಅಂತ ಬಾಯಿಬಿಟ್ಟು ಹೇಳೋ ಮೆಷಿನ್ ಮಾಡೋಕೆ ಹೇಳಿ. ಬರ್ಕೊಳ್ಳಿ."

ಭೈರೇಶನ ಪೆನ್ನು ಕಾಗದದ ಮೇಲೆ ಸರಿದಾಡಿತು.

"ಈಗ ಓದಿ."

ಭೈರೇಶ್ ಗಟ್ಟಿಯಾಗಿ ಓದಿದ. ಆಮೇಲೇ ಪಂಚಾಕ್ಷರಿ ಕೈ ಸಡಿಲಿಸಿದ್ದು.