ಉಸಿರು ಎಳೆದುಕೊಳ್ಳುವ ಜಾಗ

ಮೇಷ್ಟ್ರು ಲೋಟವನ್ನು ಎರಡು ಬೆರಳಿನಿಂದ ಮೇಜಿನ ಆಚೆ ಬದಿಗೆ ತಳ್ಳಿದರು. ಒಂದಿಷ್ಟು ನೀರು ತುಳುಕಿ ಅವರ ಮಾತ್ರೆಗಳ ಪಟ್ಟಿಯ ಕೆಳಗೆ ಹರಿಯಿತು.

“ಬೇಡ ಅಂದ್ನಲ್ಲ.”

“ಕುದಿಸಿದ್ದೀನಿ ರೀ.”

“ಕುದಿಸಿದ್ರೆ ಕ್ರಿಮಿ ಸಾಯುತ್ತೆ. ಲೋಹ ಸಾಯಲ್ಲ.”

ಅವರ ಹೆಂಡತಿ ಬಟ್ಟೆ ತಂದು ಮೇಜು ಒರೆಸಿದಳು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮನುಷ್ಯನೊಡನೆ ಲೋಹದ ವಿಷಯ ವಾದಿಸಿ ಗೆಲ್ಲುವುದು ಆಗದ ಕೆಲಸ. ಎರಡು ದಿನದಿಂದ ಮೇಷ್ಟ್ರು ನಲ್ಲಿ ನೀರು ಮುಟ್ಟದೆ ಕಿತ್ತಳೆ ಹಣ್ಣಿನಲ್ಲೇ ದಿನ ದೂಡುತ್ತಿದ್ದರು. ಅಂಗಡಿಗಳಲ್ಲಿ ಬಾಟಲಿ ನೀರು ಮೊದಲ ದಿನವೇ ಖಾಲಿಯಾಗಿತ್ತು. ಎರಡು ಸಲ ಮೂತ್ರಪಿಂಡದ ಕಲ್ಲು ತೆಗೆಸಿಕೊಂಡ ಅವರಿಗೆ ದಿನಕ್ಕೆ ಮೂರು ಲೀಟರು ನೀರು ಕಡ್ಡಾಯ ಎಂದು ಡಾಕ್ಟರು ಬರೆದುಕೊಟ್ಟ ಚೀಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡೇ ಇತ್ತು. ಬೆಳಗ್ಗೆಯಿಂದ ಅವರು ಸೊಂಟಕ್ಕೆ ಕೈ ಕೊಟ್ಟುಕೊಂಡು ಓಡಾಡುತ್ತಿದ್ದುದನ್ನು ಅವಳು ನೋಡಿದ್ದಳು.

“ನಿನ್ನೆ ನಿಮ್ಮೆದುರೇ ಎರಡು ಲೋಟ ಕುಡಿದೆ. ನನಗೇನಾಯ್ತು?”

“ಒಬ್ಬಳು ಕುಡಿದು ಬದುಕಿದ್ರೆ ಅದು ಪುರಾವೆ ಆಗಲ್ಲ. ಇನ್ನೂರು ಜನ ಕುಡೀಬೇಕು, ಇನ್ನೂರು ಜನ ಕುಡೀಬಾರದು, ಆಮೇಲೆ ಲೆಕ್ಕ ಹಾಕಬೇಕು.”

“ಆ ಮೆಸೇಜಲ್ಲಿ ಮಾತಾಡಿದ್ದು ನಾನಲ್ಲ ಅಂತಾದ್ರೂ ಒಪ್ತೀರಾ?”

“ಒಪ್ತೀನಿ. ಅವತ್ತು ನೀನು ಇಡೀ ದಿನ ಮನೇಲೇ ಇದ್ದೆ. ಆದ್ರೆ ನೀನು ಹೇಳಿಲ್ಲ ಅಂದ ಮಾತ್ರಕ್ಕೆ ನೀರು ಚೆನ್ನಾಗಿದೆ ಅಂತ ಆಗಲ್ವಲ್ಲ. ಸುಳ್ಳು ಬಾಯಲ್ಲೂ ನಿಜ ಬರಬಹುದು.”

“ನೀರು ಚೆನ್ನಾಗಿದೆ ಅಂತ ನಾನು ಹೇಳ್ತಿದೀನಲ್ಲ.”

“ನಿನಗೆ ಯಾರು ಹೇಳಿದ್ದು? ನೀರಿನ ಆಫೀಸಿನ ಇಂಜಿನಿಯರ್ರು. ಅವರಿಗೆ? ಯಾವುದೋ ಯಂತ್ರ. ನಿನ್ನ ಮಾತಲ್ಲಿ ನಿನ್ನದು ಅಂತ ಏನಿದೆ ಹೇಳು?”

ಪಾಠ ಮಾಡುವಾಗಿನ ನಿರುಮ್ಮಳ ದನಿಯಲ್ಲೇ ಕೇಳಿ, ಮೇಷ್ಟ್ರು ಇನ್ನೊಂದು ಕಿತ್ತಳೆ ಸುಲಿಯತೊಡಗಿದರು. ಅವರ ತುಟಿ ಒಡೆದಿತ್ತು. ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆರು ವರ್ಷದ ಹಿಂದೆ ಗಂಟಲಿಗೆ ಆಪರೇಶನ್ ಆದಾಗ ಚುಚ್ಚಿದ ಮರಗಟ್ಟಿಸುವ ಇಂಜೆಕ್ಷನ್ನು ಇನ್ನೂ ಪೂರ್ತಿ ಇಳಿದಿಲ್ಲವೇನೋ ಎಂದು ಅವಳಿಗೆ ಆಗಾಗ ಅನಿಸುವುದುಂಟು.

ಆ ಆಪರೇಶನ್ನಿಗೆ ಮೊದಲು, ಇಪ್ಪತ್ತೇಳು ವರ್ಷ ಅವಳು ಈ ಊರಿನ ಬಸ್ ನಿಲ್ದಾಣದ ದನಿಯಾಗಿದ್ದಳು. ಎರಡನೇ ಮಹಡಿಯ ಗಾಜಿನ ಕೋಣೆಯಲ್ಲಿ ಕೂತು “ಪ್ರಯಾಣಿಕರ ಗಮನಕ್ಕೆ” ಎಂದರೆ ಸಾಕು, ಕೆಳಗೆ ಜನ ಬೀಡಿ ಆರಿಸಿ, ಮಕ್ಕಳನ್ನು ಗದರಿ, ಮುಖ ಮೇಲೆತ್ತುತ್ತಿದ್ದರು. ಯಾರೋ ಕಂಡಕ್ಟರು ಅವಳನ್ನು ಗಮನಕ್ಕ ಎಂದು ಕರೆದ; ಊರು ಅದನ್ನೇ ಹಿಡಿದುಕೊಂಡಿತು. ಸಂಖ್ಯೆ ಹೇಳುವ ಮುಂಚೆ ಸಣ್ಣಗೆ ಉಸಿರು ಎಳೆದುಕೊಳ್ಳುವುದು ಗಮನಕ್ಕನ ಅಭ್ಯಾಸ. ಪ್ಲಾಟ್‌ಫಾರಂ ಸಂಖ್ಯೆ, ಒಂದು ಉಸಿರು, ಏಳು. ಮೊದಮೊದಲು ಮೇಲಧಿಕಾರಿ ಅದನ್ನು ಬಿಡು ಎಂದು ರೇಗಿದ್ದರು. ಆಮೇಲೆ ಆ ಉಸಿರಿಲ್ಲದೆ ಜನಕ್ಕೆ ಸಂಖ್ಯೆ ಕೇಳಿಸುವುದೇ ಇಲ್ಲ ಎಂದು ಗೊತ್ತಾಗಿ ಸುಮ್ಮನಾದರು.

ಗಂಟಲಿನಿಂದ ಗಂಟು ತೆಗೆದ ಮೇಲೆ ದನಿ ಗೊಗ್ಗರಾಯಿತು. ಕೆಲಸ ಹೋಯಿತು, ದನಿ ಅಲ್ಲೇ ಉಳಿಯಿತು. ಹಳೆಯ ರೆಕಾರ್ಡಿಂಗುಗಳನ್ನೆಲ್ಲ ನುಂಗಿಸಿ ಒಂದು ಯಂತ್ರವನ್ನು ತಯಾರು ಮಾಡಿದ್ದರು. ಏನು ಟೈಪು ಮಾಡಿದರೂ ಅದು ಗಮನಕ್ಕನ ಹಾಗೆ ಹೇಳುತ್ತಿತ್ತು. ಮೊನ್ನೆ ಯಾರೋ, ಯಾತಕ್ಕೋ, ಅಂಥದ್ದೇ ಒಂದು ಯಂತ್ರದಿಂದ ಮೂವತ್ತೆರಡು ಸೆಕೆಂಡಿನ ಮೆಸೇಜು ಹೊರಡಿಸಿದರು. “ನಾಗರಿಕರ ಗಮನಕ್ಕೆ. ನಲ್ಲಿ ನೀರಿನಲ್ಲಿ ವಿಷ ಸೇರಿದೆ. ಮುಂದಿನ,” ಇಲ್ಲೊಂದು ಉಸಿರು, “ಹನ್ನೆರಡು ದಿನ ಯಾರೂ ಕುಡಿಯಬಾರದು.” ಮಧ್ಯಾಹ್ನದ ಹೊತ್ತಿಗೆ ಆ ಉಸಿರು ಊರಿನ ಎಲ್ಲ ಫೋನುಗಳಲ್ಲೂ ಇತ್ತು.

ನಿನ್ನೆ ಅವಳನ್ನು ನೀರು ಸರಬರಾಜು ಕಚೇರಿಗೆ ಕರೆಸಿ, ಅದು ಸುಳ್ಳು ಎಂದು ಅವಳ ಬಾಯಿಂದಲೇ ಹೇಳಿಸಿ, ರೆಕಾರ್ಡು ಮಾಡಿ ಫೋನುಗಳಿಗೆ ಹಂಚಿದ್ದರು. ಇವತ್ತು ಬೆಳಗ್ಗೆ ಮತ್ತೆ ಫೋನು ಬಂತು. ಒಮ್ಮೆ ಬಂದು ಹೋಗಿ ಎಂದರು. ಯಾಕೆ ಎಂದು ಹೇಳಲಿಲ್ಲ.

ದಾರಿಯಲ್ಲಿ, ಬೇರೆ ಊರಿನಲ್ಲಿದ್ದ ಮಗಳು ಫೋನು ಮಾಡಿದಳು.

“ಅಮ್ಮ, ನಂಗೂ ಬಂತು ಆ ಮೆಸೇಜು.”

“ನಾನಲ್ಲ ಕಣೇ.”

“ಗೊತ್ತು. ಗೊತ್ತಿದ್ದೂ ಅಳಿಸಿಲ್ಲಮ್ಮ. ಹನ್ನೊಂದು ಸಲ ಕೇಳಿದೆ. ನಮ್ಮ ಚಿಕ್ಕದಕ್ಕೂ ಕೇಳಿಸಿದೆ, ಅಜ್ಜಿ ಹೀಗೆ ಮಾತಾಡ್ತಿದ್ರು ನೋಡು ಅಂತ. ಬೇಜಾರಾಯ್ತಾ?”

“ಇಲ್ಲ” ಎಂದಳು ಗಮನಕ್ಕ. ನಿಜಕ್ಕೂ ಆಗಿರಲಿಲ್ಲ. ರಸ್ತೆಯಾಚೆ ಹೆಂಗಸರಿಬ್ಬರು ಕೊಡ ಹಿಡಿದು ಊರ ಹೊರಗಿನ ಕಲ್ಲುಕ್ವಾರಿಯ ಹೊಂಡದ ಕಡೆ ನಡೆಯುತ್ತಿದ್ದರು. ಒಬ್ಬಳ ಖಾಲಿ ಕೊಡದೊಳಗಿಟ್ಟ ಫೋನು ಹಾಡುತ್ತಿತ್ತು.

ಕಚೇರಿಯ ಪ್ರಯೋಗಾಲಯದಲ್ಲಿ ಕಪಾಟಿನ ತುಂಬ ನೀರಿನ ಬಾಟಲಿಗಳು, ಪ್ರತಿಯೊಂದಕ್ಕೂ ಬೀದಿಯ ಹೆಸರು, ಗಂಟೆ, ಸಹಿ. ಇಂಜಿನಿಯರು ಮೂವತ್ತರ ಆಸುಪಾಸಿನ ಹುಡುಗಿ. ನಿದ್ದೆಗೆಟ್ಟ ಕಣ್ಣುಗಳು ಕೆಂಪಾಗಿದ್ದವು. ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಬಸ್ ನಿಲ್ದಾಣದ ಹಳೆಯ ಧ್ವನಿ ತಂತ್ರಜ್ಞ ಕೂತಿದ್ದ. ಹೆಡ್‌ಫೋನನ್ನು ಕೊರಳಿನಿಂದ ತೆಗೆದದ್ದನ್ನು ಯಾರೂ ನೋಡಿಲ್ಲವಾಗಿ ಅವನ ಹೆಸರೇ ಹೆಡ್‌ಫೋನು.

“ಕೂತ್ಕೊಳ್ಳಿ ಅಕ್ಕ” ಎಂದ ಅವನು. “ನಿನ್ನೆ ನೀವು ಹೇಳಿದ್ದಕ್ಕೆ ಜನ ಏನು ಬರೆದಿದಾರೆ ಓದ್ಲಾ?”

“ಓದು.”

“‘ಯಾರೋ ಗೊಗ್ಗರು ಗಂಟಲಿನವಳನ್ನ ತಂದು ಕೂರಿಸಿದಾರೆ.’ ಇನ್ನೊಬ್ಬ, ‘ಗಮನಕ್ಕನ ದನಿ ನಮಗೆ ಗೊತ್ತಿಲ್ವಾ, ನಲವತ್ತು ವರ್ಷದಿಂದ ಕೇಳ್ತಿದೀವಿ.’ ಇನ್ನೊಬ್ಬ, ‘ನಕಲಿ ಮಾಡೋಕೂ ಬರಲ್ಲ ಇವರಿಗೆ.’”

“ಇಪ್ಪತ್ತೇಳೇ ವರ್ಷ” ಎಂದಳು ಗಮನಕ್ಕ.

ಇಂಜಿನಿಯರು ಕಪಾಟಿನಿಂದ ಒಂದು ಬಾಟಲಿ ತೆಗೆದು ಅವಳ ಮುಂದಿಟ್ಟಳು. ನೀರು ತಿಳಿಯಾಗೇ ಇತ್ತು. “ಇದು ಕ್ವಾರಿ ಹೊಂಡದ್ದು ಅಮ್ಮ. ನೋಡೋಕೆ ಚೆನ್ನಾಗಿದೆ. ಆಸ್ಪತ್ರೆಯ ಚರಂಡಿ ಅಲ್ಲಿಗೇ ಬಸಿಯುತ್ತೆ. ನಮ್ಮ ನೀರು ಬಿಟ್ಟು ಜನ ಇದನ್ನ ಕುಡೀತಿದಾರೆ. ನಿನ್ನೆಯಿಂದ ಒಂಬತ್ತು ಜನ ವಾಂತಿ ಅಂತ ಆಸ್ಪತ್ರೆ ಸೇರಿದಾರೆ, ಅದ್ರಲ್ಲಿ ಮೂರು ಮಕ್ಕಳು.”

“ನಾನೇನು ಮಾಡ್ಲಿ? ಬಂದು ಮುಖ ತೋರಿಸ್ಲಾ?”

“ಮುಖ ಯಾರಿಗೆ ಗೊತ್ತು ಅಕ್ಕ” ಎಂದ ಹೆಡ್‌ಫೋನು. ಅವನು ಅದನ್ನು ನೋಯಿಸಲು ಹೇಳಿರಲಿಲ್ಲ. “ನೀವು ಗಾಜಿನ ಹಿಂದೆ ಇದ್ರಿ.”

ಹಾಗಾದರೆ ಯಾಕೆ ಕರೆದಿರಿ ಎಂದು ಕೇಳುವಷ್ಟರಲ್ಲಿ ಇಂಜಿನಿಯರು ಒಂದು ಹಾಳೆಯನ್ನು ಮೇಜಿನ ಮೇಲೆ ಸರಿಸಿದಳು. ನೀರು ಶುದ್ಧವಾಗಿದೆ ಎಂಬುದನ್ನು ನಿಲ್ದಾಣದ ಯಂತ್ರದ ಬಾಯಲ್ಲೇ ಹೇಳಿಸುವುದೆಂದು ತೀರ್ಮಾನವಾಗಿತ್ತು. ‘ನನ್ನ ದನಿಯಲ್ಲಿ ಹೊರಡುವ ಈ ಪ್ರಕಟಣೆ ನನ್ನದೇ ಎಂದು ಒಪ್ಪುತ್ತೇನೆ’ ಎಂದು ಹಾಳೆಯಲ್ಲಿತ್ತು. ಕೆಳಗೆ ಸಹಿಗೆ ಗೆರೆ.

ಗಮನಕ್ಕ ಅದನ್ನು ಎರಡು ಸಲ ಓದಿದಳು. “ನಾನು ಹೇಳದೆ ಇರೋದು ನನ್ನದು ಹೇಗಾಗುತ್ತೆ?”

“ನೀವು ಒಪ್ಪಿದ್ರೆ ನಿಮ್ಮದೇ ಅಲ್ವಾ ಅಮ್ಮ. ಮಂತ್ರಿಗಳ ಭಾಷಣ ಬೇರೆಯವರು ಬರೀತಾರೆ.”

“ಬೇರೆಯವರು ಬರೆದುಕೊಟ್ಟಿದ್ದನ್ನ ನಾನೂ ಓದ್ತಿದ್ದೆ, ಅದು ಬೇರೆ. ಸುಳ್ಳು ಹೇಳಿದ್ದೂ ಇಂಥ ಯಂತ್ರ, ಈಗ ನಿಜ ಹೇಳೋದೂ ಇಂಥದ್ದೇ. ನಾಳೆ ಇನ್ನೊಂದು ಬಂದ್ರೆ ಜನ ಯಾವುದನ್ನ ನಂಬಬೇಕು?”

“ಗೊತ್ತಿಲ್ಲ.” ಇಂಜಿನಿಯರು ಕಣ್ಣುಜ್ಜಿಕೊಂಡಳು. “ನಾಳೆದು ನನಗೆ ಗೊತ್ತಿಲ್ಲ ಅಮ್ಮ. ಇವತ್ತು ಸಂಜೆಯೊಳಗೆ ಜನ ಆ ಹೊಂಡದ ಹತ್ತಿರ ಹೋಗೋದು ನಿಲ್ಲಬೇಕು.”

“ಅಕ್ಕ, ನಿಜ ಹೇಳ್ಬೇಕು ಅಂದ್ರೆ ಜನ ಯಾವತ್ತೂ ನಿಮ್ಮನ್ನ ನಂಬಿರಲಿಲ್ಲ” ಎಂದ ಹೆಡ್‌ಫೋನು, ಅವಳ ಕಡೆ ನೋಡದೆ. “ನೀವು ಹೇಳಿದ ಬಸ್ಸು ಬರ್ತಿತ್ತು. ಅದಕ್ಕೆ ನಂಬ್ತಿದ್ರು.”

“ಎಷ್ಟೋ ಸಲ ಬರ್ತಾನೇ ಇರಲಿಲ್ಲ” ಎಂದಳು ಗಮನಕ್ಕ. “ಆದ್ರೂ ಕಾಯ್ತಿದ್ರು.”

ಹೆಡ್‌ಫೋನು ಒಂದು ಗುಂಡಿ ಒತ್ತಿದ. “ನಾಗರಿಕರ ಗಮನಕ್ಕೆ” ಎಂದಿತು ಕೋಣೆ. ತುಂಬಿದ, ನಯವಾದ, ಆತುರವಿಲ್ಲದ ದನಿ. “ನಲ್ಲಿ ನೀರು ಶುದ್ಧವಾಗಿದೆ. ಎರಡು ದಿನಗಳಲ್ಲಿ ನಡೆಸಿದ,” ಉಸಿರು, “ಇಪ್ಪತ್ತಾರು ಪರೀಕ್ಷೆಗಳಲ್ಲಿ ಯಾವ ದೋಷವೂ ಕಂಡುಬಂದಿಲ್ಲ. ಕ್ವಾರಿ ಹೊಂಡದ ನೀರನ್ನು ಯಾರೂ ಕುಡಿಯಬಾರದು.” ಗಮನಕ್ಕ ತನ್ನ ಗಂಟಲನ್ನು ಮುಟ್ಟಿಕೊಂಡಳು. ಶ್ವಾಸಕೋಶವೇ ಇಲ್ಲದ ಯಂತ್ರ ಉಸಿರನ್ನು ಸರಿಯಾದ ಜಾಗದಲ್ಲೇ ಎಳೆದುಕೊಂಡಿತ್ತು.

“ಹೆಂಗಿದೆ ಅಕ್ಕ?”

“ಚೆನ್ನಾಗಿದೆ” ಎಂದಳು. ಚೆನ್ನಾಗಿಯೇ ಇತ್ತು. ತೊಂದರೆ ಇದ್ದದ್ದೇ ಅಲ್ಲಿ.

ಸಹಿ ಮಾಡಿದಳು. ಪೆನ್ನು ವಾಪಸು ಕೊಡುವಾಗ ಇಂಜಿನಿಯರು ಸಂಕೋಚದಿಂದ, “ನಿನ್ನೆ ನೀವು ಹೇಳಿದ್ದನ್ನ ತೆಗೆದುಬಿಡ್ತೀವಿ ಅಮ್ಮ. ಎರಡೂ ಇದ್ರೆ ಜನಕ್ಕೆ ಗೊಂದಲ” ಎಂದಳು. ಹೆಡ್‌ಫೋನು ಅದನ್ನು ಅಲ್ಲೇ, ಅವಳ ಎದುರಿಗೇ ಅಳಿಸಿದ. ‘ಖಚಿತವೇ?’ ಎಂದು ಪರದೆ ಕೇಳಿತು. ಖಚಿತ ಎಂದು ಒತ್ತಿದ.

ಅವಳು ಮನೆ ಸೇರುವಾಗ ಮೂರು ಗಂಟೆ. ಮೇಷ್ಟ್ರು ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಒಂದು ಮಗ್ಗುಲಿಗೆ ವಾಲಿಕೊಂಡು ಕೂತಿದ್ದರು. ಕಿತ್ತಳೆ ಮುಗಿದಿತ್ತು. ಬೆಳಗಿನ ಲೋಟ ಅಲ್ಲೇ ಇತ್ತು. ಅವಳು ಆ ನೀರನ್ನು ಚೆಲ್ಲಿ, ಹೂಜಿ ತಂದು ಬೇರೆ ತುಂಬಿಸಿ, ಲೋಟವನ್ನು ಅವರ ಪಕ್ಕದ ಸ್ಟೂಲಿನ ಮೇಲೆ ಇಟ್ಟಳು.

“ತುಂಬಾ ನೋಯ್ತಿದ್ಯಾ?”

“ಇಲ್ಲ” ಎಂದರು. ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು.

“ಕ್ವಾರಿ ನೀರು ಕುಡಿದವರು ಆಸ್ಪತ್ರೆ ಸೇರಿದಾರೆ. ನಮ್ಮ ನೀರಿನ ಬಾಟಲಿಗಳನ್ನೆಲ್ಲ ನಾನೇ ನೋಡಿ ಬಂದೆ. ಬೀದಿ ಬೀದಿದೂ ಇಟ್ಟಿದಾರೆ.”

“ಬಾಟಲಿ ನೋಡಿದ್ರೆ ಏನು ಗೊತ್ತಾಗುತ್ತೆ?”

“ನನಗೋಸ್ಕರ ಒಂದು ಗುಟುಕು ಕುಡೀರಿ.” ಗೊಗ್ಗರು ದನಿ ಕೊನೆಯ ಪದದಲ್ಲಿ ಹರಿದು ಗಾಳಿಯಷ್ಟೇ ಬಂತು. ನಲವತ್ತು ವರ್ಷದ ಸಂಸಾರದಲ್ಲಿ ಅವಳು ಹೀಗೆ ಕೇಳಿದ್ದು ಎರಡನೆಯದೋ ಮೂರನೆಯದೋ ಸಲ. ಈ ಮನುಷ್ಯ ತನ್ನ ಮಾತಿಗೆ ಒಂದೇ ಒಂದು ಸಲ, ಪುರಾವೆ ಕೇಳದೆ, ಲೋಟ ಎತ್ತಬೇಕು. ಅವಳಿಗೆ ಆಗ ಬೇಕಿದ್ದುದು ಅಷ್ಟೇ.

ಮೇಷ್ಟ್ರು ಅವಳ ಮುಖ ನೋಡಿದರು. ನೋಟದಲ್ಲಿ ಅಕ್ಕರೆ ಇಲ್ಲದೇ ಇರಲಿಲ್ಲ. “ನಿನ್ನ ಮೇಲೆ ಅಪನಂಬಿಕೆ ಅಂತಲ್ಲ ಕಣೇ” ಎಂದರು. “ಅರ್ಥ ಮಾಡ್ಕೋ.”

ಅವಳು ಹೂಜಿ ಹಿಡಿದುಕೊಂಡು ಹಾಗೇ ನಿಂತಳು. ಆಗ ಬೀದಿಯ ತುದಿಯಲ್ಲಿ ನೀರು ಸರಬರಾಜಿನವರ ವ್ಯಾನು ಕಾಣಿಸಿತು. ಮೇಲೆ ಎರಡು ಧ್ವನಿವರ್ಧಕ ಕಟ್ಟಿಕೊಂಡು ನಡಿಗೆಯ ವೇಗದಲ್ಲಿ ಬರುತ್ತಿತ್ತು.

“ನಾಗರಿಕರ ಗಮನಕ್ಕೆ.”

ಎದುರುಮನೆಯ ಬಾಗಿಲು ತೆರೆಯಿತು. ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದವಳು ಕೈ ನಿಲ್ಲಿಸಿದಳು. ಸೈಕಲ್ಲಿನವನು ಒಂದು ಕಾಲು ನೆಲಕ್ಕೂರಿ ಮುಖ ಮೇಲೆತ್ತಿದ. ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗಾದರು. “ನಲ್ಲಿ ನೀರು ಶುದ್ಧವಾಗಿದೆ. ಎರಡು ದಿನಗಳಲ್ಲಿ ನಡೆಸಿದ,” ಎಂದು ದನಿ ಉಸಿರು ಎಳೆದುಕೊಂಡ ಜಾಗದಲ್ಲಿ ಅವರ ಕೈ ತನ್ನಷ್ಟಕ್ಕೆ ಸ್ಟೂಲಿನ ಕಡೆ ಹೋಯಿತು. ‘ಇಪ್ಪತ್ತಾರು ಪರೀಕ್ಷೆ’ ಎಂಬ ಮಾತು ಮುಗಿಯುವ ಮೊದಲೇ ಲೋಟ ಅವರ ತುಟಿಯಲ್ಲಿತ್ತು. ಗಟಗಟ ಕುಡಿದರು. ನೀರು ಗಲ್ಲದಿಂದಿಳಿದು ಅಂಗಿ ನೆನೆಸಿತು.

“ಹಾಂ” ಎಂದರು, ಬೀದಿಯ ಕಡೆಗೇ ಮುಖ ಮಾಡಿ. “ಈಗ ಸರಿಯಾಗಿ ಹೇಳಿದೆ ನೋಡು.”

ಕಿಟಕಿಯಿಂದ ಕಣ್ಣು ತೆಗೆಯದೆ ಖಾಲಿ ಲೋಟವನ್ನು ಅವಳ ಕಡೆ ಚಾಚಿದರು. ಗಮನಕ್ಕ ಹೂಜಿ ಬಗ್ಗಿಸಿದಳು. ವ್ಯಾನು ಮುಂದಿನ ಬೀದಿಗೆ ತಿರುಗಿ ಮತ್ತೆ ಮೊದಲಿನಿಂದ ಶುರುಮಾಡಿತು. ಸಂಖ್ಯೆ ಬರುವ ಮುಂಚೆ ಅವಳೂ ಸಣ್ಣಗೆ ಉಸಿರು ಎಳೆದುಕೊಂಡಳು. ಲೋಟ ತುಂಬಿತು.