ಇನ್ನೂ ಒಂಬತ್ತು ದಿನ ಇತ್ತು

ನೀರಿನ ಬಟ್ಟಲು ಅಂಚಿನವರೆಗೂ ತುಂಬಿದೆ, ಅಂದ್ರೆ ಈಗಷ್ಟೇ ಹಾಕಿದ್ದು, ನಾನು ಬರ್ತೀನಿ ಅಂತ ಹಾಕಿದ್ದು — ಥೂ, ಬಂದು ನಿಂತ ತಕ್ಷಣ ಶುರುವಾಯ್ತು ನನ್ನ ಅನುಮಾನ, ಇಪ್ಪತ್ತಾರು ವರ್ಷ ಹಕ್ಕಿ ಮೀನು ಮೊಲ ಮಾರೋ ಅಂಗಡಿಗಳ ತಪಾಸಣೆ ಮಾಡಿ ಮಾಡಿ ನನ್ನ ಕಣ್ಣಿಗೆ ಒಂದು ಬಟ್ಟಲು ನೀರೂ ಬರೀ ನೀರಾಗಿ ಕಾಣಲ್ಲ, ಆಫೀಸಲ್ಲಿ ನನ್ನನ್ನ ಟೇಪಮ್ಮ ಅಂತಾರೆ, ಹಿಂದುಗಡೆ ಅಂತಾರೆ, ಮುಂದೆ ಬಂದ್ರೆ ಮೇಡಂ, ಅಳೆಯೋ ಟೇಪು ನನ್ನ ಬ್ಯಾಗಲ್ಲಿ ಯಾವಾಗಲೂ ಇರುತ್ತಲ್ಲ, ಪಂಜರದ ಅಗಲ, ಕೂರೋ ಕೋಲಿನ ದಪ್ಪ, ಕೋಲಿಗೂ ಗೋಡೆಗೂ ಮಧ್ಯೆ ಬಾಲ ತಾಗದ ಹಾಗೆ ಎಷ್ಟು ಜಾಗ — ಅಕ್ಕ ಅಂತೂ ಇವತ್ತು ಬೆಳಿಗ್ಗೆ ಕೇಳಿಯೇ ಬಿಟ್ಟಳು, ಏನೇ ಇದು, ತಪಾಸಣೆಗೆ ಹೋಗೋದಕ್ಕೆ ಇಸ್ತ್ರಿ ಸೀರೆ ಯಾಕೆ, ಹಕ್ಕಿಗಳೇನು ನಿನ್ನ ನೋಡೋಕೆ ಬರ್ತಾವಾ. ಬಾಯಿ ಮುಚ್ಕೊಂಡು ಕಾಫಿ ಕುಡಿ ಅಂದೆ. ಅವಳಿಗೆ ಎಲ್ಲ ಗೊತ್ತು, ಹುಟ್ಟಿದಾಗಿಂದ ಒಂದೇ ಮನೆಯಲ್ಲಿ ಇದ್ದವಳಿಗೆ ಏನು ಮುಚ್ಚಿಡೋದು, ಆರು ತಿಂಗಳಿಗೊಮ್ಮೆ ಈ ಒಂದು ಅಂಗಡಿಗೆ ಹೋಗೋ ದಿನ ನಾನು ಎರಡು ಸಲ ತಲೆ ಬಾಚ್ಕೋತೀನಿ ಅನ್ನೋದೂ ಗೊತ್ತಿರುತ್ತೆ.

ಹತ್ತು ನಿಮಿಷ. ಇದೊಂದು ಕ್ರಮ ಯಾರು ಮಾಡಿದ್ರೋ ಗೊತ್ತಿಲ್ಲ, ಅವರಿಗೆ ಪುಣ್ಯ ಬರಲಿ, ಹೊಸಬರು ಎದುರಿಗೆ ನಿಂತ್ರೆ ಹಕ್ಕಿ ತನ್ನ ಕಾಯಿಲೆ ಮುಚ್ಚಿಡುತ್ತೆ, ನೆಟ್ಟಗೆ ಕೂರುತ್ತೆ, ಗರಿ ಒತ್ತಿ ಹಿಡ್ಕೊಳ್ಳುತ್ತೆ, ನನಗೇನೂ ಆಗಿಲ್ಲ ಅನ್ನೋ ಮುಖ ಮಾಡುತ್ತೆ, ಅದಕ್ಕೇ ತಪಾಸಣೆಗೆ ಬಂದವರು ಪಂಜರದ ಮುಂದೆ ಹತ್ತು ನಿಮಿಷ ಅಲುಗಾಡದೆ ನಿಂತಿರಬೇಕು, ನಾವು ಇದ್ದೀವಿ ಅನ್ನೋದೇ ಅದಕ್ಕೆ ಮರೆತುಹೋಗಬೇಕು, ಅಂಗಡಿಯವರೂ ಮಾತಾಡೋ ಹಾಗಿಲ್ಲ, ಪಕ್ಕದಲ್ಲಿ ಸುಮ್ಮನೆ ನಿಂತಿರಬೇಕು. ಬೇರೆ ಕಡೆ ಈ ಹತ್ತು ನಿಮಿಷ ಮುಗಿಯೋದೇ ಇಲ್ಲ, ಒಬ್ಬರು ಫೋನ್ ನೋಡ್ತಾರೆ, ಒಬ್ಬರು ಕೆಮ್ಮುತಾರೆ, ಈ ಅಂಗಡಿಯವರು ಮಾತ್ರ ಕೈ ಹಿಂದೆ ಕಟ್ಟಿ ನಿಲ್ತಾರೆ, ನನಗಿಂತ ಎರಡು ಹೆಜ್ಜೆ ಎಡಕ್ಕೆ, ಅವರ ಉಸಿರೂ ಕೇಳಿಸುತ್ತೆ, ಅಂಗಿಯಿಂದ ಕಾಳಿನ ಧೂಳಿನ ವಾಸನೆ ಬರುತ್ತೆ, ಹೆಂಡತಿ ತೀರಿಕೊಂಡು ಎಂಟು ವರ್ಷ ಅಂತ ಒಮ್ಮೆ ಹೇಳಿದ್ರು, ನಾನು ಕೇಳಿರಲಿಲ್ಲ, ಲೈಸೆನ್ಸಲ್ಲಿ ಇಬ್ಬರ ಹೆಸರಿತ್ತು, ಒಂದು ತೆಗೆಸಬೇಕಿತ್ತು, ಅದಕ್ಕೆ ಹೇಳಿದ್ದು. ಐದು ಸಲ ಬಂದಿದ್ದೀನಿ, ಐದು ಹತ್ತಲಿ ಐವತ್ತು ನಿಮಿಷ. ಐವತ್ತೆರಡು ವರ್ಷಕ್ಕೆ ಐವತ್ತು ನಿಮಿಷ, ನಗಬೇಕೋ ಅಳಬೇಕೋ, ಮದುವೆ ಮಾತು ಅಪ್ಪ ಇರೋವರೆಗೆ ನಡೀತು, ಆಮೇಲೆ ಎಲ್ಲರೂ ಮರ್ಯಾದೆಯಿಂದ ಮರೆತುಬಿಟ್ರು, ನಾನೂ ಮರೆತೆ ಅಂದ್ಕೊಂಡಿದ್ದೆ, ಮನೆಯಲ್ಲಿ ಒಂದು ಹಕ್ಕಿ ಸಾಕೋಣ ಅಂದ್ರೂ ಆಗಲ್ಲ, ಹತ್ತು ಅಂಗಡಿ ಸುತ್ತಿ ಬಂದ ಬಟ್ಟೆಯಲ್ಲಿ ಏನೇನು ರೋಗ ಅಂಟಿರುತ್ತೋ. ಹೋದ ಸಲ ಮಾತ್ರ ನಾನು ಕ್ರಮ ಮುರಿದೆ. ಆ ಬೂದು ಕಾಕಟೀಲ್ ಗಿಳಿ, ತಲೆ ಮೇಲೆ ಹಳದಿ ಜುಟ್ಟು, ಕೆನ್ನೆಗೆ ಕುಂಕುಮ ಬಳಿದ ಹಾಗೆ ಕಿತ್ತಳೆ ಬೊಟ್ಟು, ಮಾರೋದಲ್ಲ ಅದು, ಅವರದೇ ಹಕ್ಕಿ, ಹದಿನಾಲ್ಕು ವರ್ಷದ್ದು, ನನ್ನನ್ನೇ ನೋಡ್ತಾ ಒಂದು ಶಿಳ್ಳೆ ಹಾಕ್ತು, ನನಗೆ ಏನನ್ನಿಸಿತೋ, ನಾನೂ ಹಾಕಿಬಿಟ್ಟೆ, ಸ್ಕೂಲು ಬಿಟ್ಟ ಮೇಲೆ ಶಿಳ್ಳೆ ಹಾಕಿದ್ದೇ ಇಲ್ಲ, ಅದು ತಿರುಗಿ ಹಾಕ್ತು, ನಾನು ನಕ್ಕೆ, ಸರ್ಕಾರಿ ಕೆಲಸದಲ್ಲಿ ಬಾಯಿ ತೆರೆದು ನಕ್ಕೆ, ಅವರು ನೆಲ ನೋಡ್ತಾ ನಿಂತಿದ್ರು, ಕಿವಿ ಮಾತ್ರ ಕೆಂಪಗಾಗಿತ್ತು.

ಅಗೋ, ಇದೆ, ಮುಂದಿನ ಸಾಲಲ್ಲೇ ಇದೆ, ನಾನು ನಿಲ್ಲೋ ಜಾಗಕ್ಕೆ ಸರಿಯಾಗಿ ಎದುರು ಇಟ್ಟಿದ್ದಾರೆ — ನಾಲ್ಕು ನಿಮಿಷ ಆಯ್ತು, ಇನ್ನೂ ನೆಟ್ಟಗೆ ಕೂತಿದೆ, ಈ ಸಲ ಶಿಳ್ಳೆ ಹಾಕಬಾರದು, ಬುದ್ಧಿ ಇರಲಿ, ಪಕ್ಕದ ಪಂಜರದಲ್ಲಿ ಲವ್‌ಬರ್ಡ್‌ಗಳು, ಅದರಾಚೆ ಪುಟ್ಟ ಫಿಂಚ್‌ಗಳು, ನಲವತ್ತಕ್ಕೂ ಮೇಲಿವೆ, ಎಲ್ಲ ಚೆನ್ನಾಗಿವೆ, ಕಣ್ಣು ಶುಭ್ರ, ನೆಲದ ಕಾಗದ ಒಣಗಿದೆ, ಐದು ನಿಮಿಷ, ಇವರು ಇವತ್ತು ಎರಡು ಹೆಜ್ಜೆಯಲ್ಲ, ಒಂದೇ ಹೆಜ್ಜೆ ಆಚೆ ನಿಂತಿದ್ದಾರೋ ಏನೋ, ತಿರುಗಿ ನೋಡೋ ಹಾಗಿಲ್ಲ, ಟೇಪು ಹಿಡಿದು ಅಳೆಯೋಕಾಗುತ್ತಾ, ಆರು, ಏಳು. ಏಳನೇ ನಿಮಿಷಕ್ಕೆ ಅದು ನನ್ನನ್ನ ಮರೀತು. ಗರಿ ಬಿಟ್ಟುಕೊಳ್ತು, ಚಳಿ ಹಿಡಿದವರು ಕಂಬಳಿ ಹೊದ್ದ ಹಾಗೆ ಉಬ್ಬಿತು, ಕಣ್ಣು ಅರ್ಧ ಮುಚ್ಚಿತು, ಬಾಲ — ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ, ಮೇಲೆ ಕೆಳಗೆ. ಎದೆಯ ಸೋಂಕು ಇದು, ಅಂಟೋದು, ಗಾಳಿಯಲ್ಲಿ ಹೋಗೋದು. ಪಂಜರದ ಹಿಂಬದಿಗೆ ಚೀಟಿ ಕಟ್ಟಿದೆ, ಅವರದೇ ಗುಂಡು ಅಕ್ಷರ, ಪ್ರತ್ಯೇಕ ಕೋಣೆ, ಇಪ್ಪತ್ತೊಂದರಲ್ಲಿ ಹನ್ನೆರಡನೇ ದಿನ, ಅಂದ್ರೆ ಕಾಯಿಲೆ ಹಕ್ಕಿನ ಇಪ್ಪತ್ತೊಂದು ದಿನ ಒಳಗೇ ಬೇರೆ ಇಡಬೇಕು. ರಿಜಿಸ್ಟರ್ ಕೊಡಿ ಅಂದೆ. ಕೊಟ್ರು. ಅದರಲ್ಲೂ ಬರೆದಿದ್ದಾರೆ ಮಹಾರಾಯರು, ಸುಳ್ಳು ಹೇಳೋಕೂ ಬರಲ್ಲ ಈ ಮನುಷ್ಯನಿಗೆ, ಬೆಳಿಗ್ಗೆ ಎಂಟಕ್ಕೆ ಮುಂದಿನ ಸಾಲಿಗೆ ತಂದೆ, ಅಂತ, ಕೆಳಗೆ ಸಹಿ ಬೇರೆ. ಯಾಕೆ ತಂದ್ರಿ, ಇನ್ನೂ ಒಂಬತ್ತು ದಿನ ಇತ್ತಲ್ಲ, ಔಷಧಿ ಮುಗಿದಿಲ್ಲ, ನಿಮಗೆ ಗೊತ್ತಿಲ್ಲದ್ದಾ ಇದು. ಗೊತ್ತು ಮೇಡಂ. ಮತ್ತೆ? ನೀವು ಬರ್ತೀರಿ ಅಂತ. ನಾನು ಬಂದ್ರೆ? ಹೋದ ಸಲ ನೀವು ನಕ್ಕಿದ್ರಿ ಮೇಡಂ, ಬಂದಾಗ ಇದು ಕಾಣದಿದ್ರೆ ನಿಮಗೆ ಬೇಜಾರಾಗುತ್ತೆ ಅನ್ನಿಸ್ತು, ಎರಡು ದಿನದಿಂದ ಚೆನ್ನಾಗಿ ತಿಂತಿತ್ತು, ಹತ್ತು ನಿಮಿಷ ಇಟ್ಟು ಒಳಗೆ ತಗೊಂಡು ಹೋಗೋಣ ಅಂತಿದ್ದೆ. ಎಂಟಕ್ಕೆ ತಂದಿದ್ದಾರೆ, ಈಗ ಹನ್ನೊಂದೂವರೆ. ನಾನು ಬರೋದು ತಡವಾಯ್ತು, ಬಸ್ಸು ಸಿಗಲಿಲ್ಲ.

ಬಾಯಿ ತುಂಬ ಬೈಬೇಕು, ಬೈಯೋಕೆ ಬರುತ್ತೆ ನನಗೆ, ಬೇರೆ ಯಾರಾದ್ರೂ ಆಗಿದ್ರೆ ಇಷ್ಟೊತ್ತಿಗೆ ಬೆವರಿಳಿಸಿರ್ತಿದ್ದೆ, ಈಗ ಪೆನ್ನು ಹಿಡಿದು ನಿಂತಿದ್ದೀನಿ ಮಂಕು ಹಿಡಿದವಳ ಹಾಗೆ, ಯಾಕಂದ್ರೆ ಜೀವಮಾನದಲ್ಲಿ ಯಾರೂ ನಾನು ನಗಲಿ ಅಂತ ಒಂದು ಕುರ್ಚಿಯನ್ನೂ ಅಲ್ಲಿಂದ ಇಲ್ಲಿಗೆ ಎತ್ತಿಟ್ಟಿಲ್ಲ, ಇವರು ಲೈಸೆನ್ಸನ್ನೇ ಪಣಕ್ಕೆ ಎತ್ತಿಟ್ಟುಬಿಟ್ರು. ಬರೆಯದಿದ್ರೆ? ಆ ಒಂದು ಸಾಲಿನ ಮೇಲೆ ಗೀಟು ಎಳೀರಿ ಅಂದ್ರೆ ಸಾಕು, ಎಳೀತಾರೆ, ನಾನು ಹೇಳಿದ್ದಕ್ಕೆ ಎಳೀತಾರೆ. ಬರೆದ್ರೆ ಇದು ಗಂಭೀರ ದೋಷ, ಗಂಭೀರ ದೋಷ ಬರೆದ ಅಧಿಕಾರಿ ಮತ್ತೆ ಆ ಅಂಗಡಿ ಮೆಟ್ಟಿಲು ಹತ್ತೋ ಹಾಗಿಲ್ಲ, ದ್ವೇಷ ಸಾಧಿಸಬಾರದು ಅಂತ ಮಾಡಿದ ನಿಯಮ, ಮರುತಪಾಸಣೆಗೂ ಬೇರೆಯವರು, ಆಮೇಲೆ ಶಾಶ್ವತವಾಗಿ ಬೇರೆಯವರೇ, ಆರು ತಿಂಗಳ ಹತ್ತು ನಿಮಿಷವೂ ಹೋಯ್ತು — ಲವ್‌ಬರ್ಡ್ ಒಂದು ಸೀನ್ತು. ಸೀನ್ತಾ, ಇಲ್ಲ ಕಾಳಿನ ಧೂಳಾ? ನಾಳೆ ಯಾರೋ ಮಗುವಿನ ಕೈ ಹಿಡ್ಕೊಂಡು ಬಂದು ಇದನ್ನ ಕೊಂಡ್ಕೊಂಡು ಹೋಗ್ತಾರೆ, ಹತ್ತು ದಿನಕ್ಕೆ ಪಂಜರದ ತಳದಲ್ಲಿ ಬಿದ್ದಿರುತ್ತೆ, ಆ ಮಗುಗೆ ಏನು ಹೇಳೋದು, ಒಬ್ಬ ಆಂಟಿಗೆ ಒಬ್ಬರನ್ನ ನೋಡಬೇಕಿತ್ತು ಅಂತ ಹೇಳೋದಾ. ಬರೆದೆ. ಮಾರಾಟ ಮೂರು ವಾರ ಬಂದ್, ಎಲ್ಲ ಹಕ್ಕಿಗೂ ಪರೀಕ್ಷೆ, ಅದನ್ನೂ ಬರೆದೆ. ಹನ್ನೊಂದನೇ ಕಲಂ, ದೋಷಕ್ಕೆ ಕಾರಣ. ಅಲ್ಲಿ ನಿರ್ಲಕ್ಷ್ಯ ಅಂತ ಬರೆಯೋದು ರೂಢಿ, ಇಲ್ಲಾಂದ್ರೆ ಜಾಗದ ಕೊರತೆ, ಇಪ್ಪತ್ತಾರು ವರ್ಷ ಇವೆರಡೇ ಬರೆದಿದ್ದು, ನಿರ್ಲಕ್ಷ್ಯ ಅನ್ನೋಕೆ ಪೆನ್ನು ಏಳಲಿಲ್ಲ, ಯಾವುದನ್ನ ನಿರ್ಲಕ್ಷ್ಯ ಅನ್ನಲಿ. ತಪಾಸಣೆಗೆ ಬಂದ ಅಧಿಕಾರಿಗೆ ತೋರಿಸುವ ಸಲುವಾಗಿ, ಅಂತ ಬರೆದೆ, ಕಾರ್ಬನ್ ಇಟ್ಟು ಮೂರು ಪ್ರತಿ, ಒಂದು ಅವರಿಗೆ, ಒಂದು ನನಗೆ, ಒಂದು ಸಾಹೇಬರಿಗೆ, ಸಾಹೇಬರು ಕನ್ನಡಕ ಏರಿಸಿ ಏನಮ್ಮ ಇದು ಅಂತಾರೆ, ಅನ್ನಲಿ.

ಅವರು ಓದಿದ್ರು, ಹನ್ನೊಂದನೇ ಕಲಂ ಹತ್ರ ಬೆರಳು ನಿಂತಿತು, ಮತ್ತೊಮ್ಮೆ ಓದಿದ್ರು, ಸಹಿ ಹಾಕಿದ್ರು, ಸರಿಯಾಗಿ ಬರೆದಿದ್ದೀರಿ ಮೇಡಂ ಅಂದ್ರು, ನನ್ನ ತಪ್ಪು, ಈ ಹಕ್ಕಿಗೂ ತೊಂದರೆ ಕೊಟ್ಟೆ. ಮುಂದೆ ಬೇರೆ ಅಧಿಕಾರಿ ಬರ್ತಾರೆ ಅಂದೆ, ನನ್ನ ದನಿ ನನಗೇ ಆಫೀಸಿನ ಬಾಗಿಲು ಮುಚ್ಚಿದ ಹಾಗೆ ಕೇಳಿಸ್ತು. ನೀವು ಬರಲ್ವಾ. ಬರೋ ಹಾಗಿಲ್ಲ. ಅವರು ಪಂಜರಕ್ಕೆ ಬಟ್ಟೆ ಮುಚ್ಚಿದ್ರು, ಗಂಟು ಹಾಕಿದ್ರು, ಬಿಚ್ಚಿ ಮತ್ತೆ ಹಾಕಿದ್ರು, ಆಮೇಲೆ ಪಂಜರಕ್ಕೇ ಹೇಳೋರ ಹಾಗೆ ಹೇಳಿದ್ರು, ತಪಾಸಣೆ ನಿಮ್ಮದಲ್ಲ ಅಂದ್ಮೇಲೆ ಸುಮ್ಮನೆ ಬರಬಹುದಲ್ವಾ, ಚಹಾಕ್ಕೆ, ಅಧಿಕಾರಿಯಾಗಿ ಅಲ್ಲ. ಅಯ್ಯೋ ದೇವರೇ, ನಾನೇನಂದೆ, ಐವತ್ತೆರಡು ವರ್ಷ ಕಾದಿದ್ದ ಮಾತಿಗೆ ಈ ಹಾಳು ನಾಲಿಗೆ ಏನಂತು — ನಿಯಮ ನೋಡಿ ಹೇಳ್ತೀನಿ. ಹಾಗೇ ಅಂದೆ, ಬ್ಯಾಗಿನ ಜಿಪ್ಪು ಎಳೀತಾ ಅಂದೆ. ಸರಿ ಮೇಡಂ ಅಂದ್ರು, ಎರಡೂ ಕೈಯಲ್ಲಿ ಪಂಜರ ಎತ್ತಿಕೊಂಡ್ರು, ನೀರು ಚೆಲ್ಲದ ಹಾಗೆ ನಿಧಾನವಾಗಿ ನಡೆದು ಪ್ರತ್ಯೇಕ ಕೋಣೆಯ ಗಾಜಿನ ಬಾಗಿಲು ಮುಚ್ಚಿಕೊಂಡ್ರು, ಈಗ ಕೈ ತೊಳೆದು ಅಂಗಿ ಬದಲಾಯಿಸೋವರೆಗೆ ಹೊರಗೆ ಬರೋ ಹಾಗಿಲ್ಲ, ನಾನು ಒಳಗೆ ಹೋಗೋ ಹಾಗಿಲ್ಲ, ಒಂದು ಗಂಟೆಗೆ ಇನ್ನೊಂದು ಅಂಗಡಿ ಇದೆ, ಅಲ್ಲಿ ಎಳೆ ಮರಿಗಳಿವೆ, ಇದರ ಎದುರು ನಿಂತಿದ್ದಕ್ಕೇ ಸೀರೆ ಬದಲಾಯಿಸಿ ಹೋಗಬೇಕು, ಈ ಕೋಣೆ ಹೊಕ್ಕರೆ ಇವತ್ತು ಅಲ್ಲಿಗೆ ಕಾಲಿಡೋ ಹಾಗೇ ಇಲ್ಲ — ಯಾವ ನಿಯಮ ನೋಡಲಿ ನಾನು, ಇಡೀ ಪುಸ್ತಕ ನನಗೆ ಬಾಯಿಪಾಠ, ಚಹಾ ಕುಡಿಯಬಾರದು ಅಂತ ಎಲ್ಲಿದೆ, ಎಲ್ಲೂ ಇಲ್ಲ, ಇಲ್ಲ ಕಣ್ರೀ, ಅಂಥ ನಿಯಮ ಇಲ್ಲ, ಇದನ್ನ ಬಾಯಿಬಿಟ್ಟೇ ಹೇಳಿದೆ, ಗಾಜಿನ ಹತ್ರ ಹೋಗಿ ಜೋರಾಗಿ ಹೇಳಿದೆ, ಬರ್ತೀನಿ ಅಂದೆ, ಅವರು ತಲೆ ಎತ್ತಿ ನೋಡಿದ್ರು, ಗಾಜು ದಪ್ಪ, ಅವರ ತುಟಿ ಅಲ್ಲಾಡ್ತು, ಏನು ಅಂತ ಕೇಳಿದ್ರಾ, ಹಕ್ಕಿಗೇನಾದ್ರೂ ಹೇಳಿದ್ರಾ, ಬೇಡ ಬಿಡಿ ಅಂದ್ರಾ, ಬರ್ತೀನಿ ಅಂತ ಮತ್ತೆ ಅಂದೆ, ಅವರ ತುಟಿ ಮತ್ತೆ ಅಲ್ಲಾಡ್ತು, ಕೇಳಿಸ್ತಿಲ್ಲ, ಗಾಜಿನಾಚೆ ಅವರ ತುಟಿ, ಅಲ್ಲಾಡ್ತಾ ಇದೆ, ಅವರ ತುಟಿ —